ಡೋನಮ್ಮನ ಮನೆಯ ಇಂಗ್ಲಿಷ್ ಕತೆಗಳು

ವಿಡಿಯೋ ಕ್ಯಾಸೆಟ್ಟಿನ ಪ್ಲೇಯರು ಅರ್ಧ ಗಂಟೆ ಓಡಿದ ಮೇಲೆ ಅದರ ಬೆನ್ನಿನಿಂದ ಒಂದು ವಾಸನೆ ಬರುತ್ತದೆ. ಕಾದ ಪ್ಲಾಸ್ಟಿಕ್ಕು, ಅದರ ಮೇಲೆ ಕೂತು ಕೂತು ಹಳತಾದ ಧೂಳು, ಎರಡೂ ಸೇರಿ ಮೂಗಿಗೆ ಸ್ವಲ್ಪ ಸಿಹಿಯಾಗಿ ಬಡಿಯುವ ವಾಸನೆ. ನಿಮಗೆ ಅದು ಗೊತ್ತಿದ್ದರೆ ನೀವೂ ನನ್ನ ಹಾಗೆ ಹಳಬರೇ ಬಿಡಿ. ಹೋದ ತಿಂಗಳು ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಲು ಪುತ್ತೂರಿನ ಒಂದು ಸ್ಟುಡಿಯೋಕ್ಕೆ ಹೋಗಿದ್ದೆ. ಸ್ಟುಡಿಯೋದವರು ಎಲ್ಲಿಂದಲೋ ಒಂದು ಮುದಿ ಪ್ಲೇಯರನ್ನು ಹೊರಗೆಳೆದು ಓಡಿಸಿದರು. ಪರದೆಯ ಮೇಲೆ ಚಿಕ್ಕಮ್ಮ ಧಾರೆಗೆ ನಿಂತಿದ್ದಳು, ನಾನು ಮಾತ್ರ ಅಲ್ಲಿರಲಿಲ್ಲ. ಬಹರೈನಿನ ಅವಾಲಿಯಲ್ಲಿ, ಡೋನಮ್ಮನ ಮನೆಯ ಕಂದು ಬಣ್ಣದ ಸೋಫಾದ ನಡುವೆ, ಒಂದು ಕಡೆ ಅಮ್ಮ ಇನ್ನೊಂದು ಕಡೆ ಅವಳು, ಹೀಗೆ ಇಬ್ಬರ ಮಧ್ಯೆ ಸಿಕ್ಕಿಕೊಂಡು ಕೂತಿದ್ದೆ. ಸ್ಟುಡಿಯೋದವರು 'ಎಂತ ಮೇಡಂ, ಧೂಳಿಗೆ ಅಲರ್ಜಿಯಾ' ಎಂದು ಕೇಳಿದರು. ಹೌದು ಎಂದೆ.

ಅಪ್ಪ ಅವಾಲಿಯಲ್ಲಿ ಎಣ್ಣೆ ಕಂಪನಿಯ ಲೆಕ್ಕದ ವಿಭಾಗದಲ್ಲಿದ್ದರು. ಕಂಪನಿಯೇ ಕಟ್ಟಿದ ಊರು ಅದು: ಒಂದೇ ಅಂತಸ್ತಿನ ಬಿಳಿ ಮನೆಗಳು, ಕತ್ತರಿಸಿ ಸಮ ಮಾಡಿದ ಬೇಲಿ, ಮರಳುಗಾಡಿನ ನಡುವೆ ನೀರು ಕುಡಿದು ಕುಡಿದು ಹಸಿರಾಗಿ ನಿಂತ ಹುಲ್ಲು, ಬೀದಿಯಲ್ಲಿ ನಡೆಯುವ ಮನುಷ್ಯನೇ ಇಲ್ಲ, ಎಲ್ಲರಿಗೂ ಕಾರು. ನಮ್ಮ ಮನೆಯಲ್ಲಿ ಕನ್ನಡ, ಅಮ್ಮನಿಗೆ ಸಿಟ್ಟು ಬಂದರೆ ತುಳು. ಆದರೆ ನಾನು ಹೇಳುತ್ತಿರುವ ವರ್ಷ, ಅಂದರೆ ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ನಮ್ಮ ಮನೆಯಲ್ಲಿ ಯಾವ ಭಾಷೆಯೂ ಇರಲಿಲ್ಲ. ಅಮ್ಮ ಮೇ ತಿಂಗಳಲ್ಲಿ ಸಲ್ಮಾನಿಯಾದ ಆಸ್ಪತ್ರೆಗೆ ಹೆರಿಗೆಗೆಂದು ಹೋದವಳು ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಹುಟ್ಟುವಾಗಲೇ ಉಸಿರಿಲ್ಲದ ಗಂಡು ಮಗು. ಹೊಲಿಸಿಟ್ಟ ಅಂಗಿಗಳನ್ನು ಅಪ್ಪ ಯಾರಿಗೋ ಕೊಟ್ಟು ಬಂದರು. ಆಮೇಲೆ ಅಮ್ಮ ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ನನ್ನ ಜಡೆ ಹಾಕುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ನನಗೆ ಆಗ ಒಂಬತ್ತು ವರ್ಷ. ಶಾಲೆಯಿಂದ ಬಂದು ಚೀಲ ಇಡುವಾಗ ಬೇಕಂತಲೇ ದೊಡ್ಡ ಸದ್ದು ಮಾಡುತ್ತಿದ್ದೆ, ಬೈಯಲಿ ಎಂದು. ಬೈಯುತ್ತಿರಲಿಲ್ಲ. ಅಮ್ಮ ಬೈಯದ ಮನೆ ಎಷ್ಟು ಭಯಂಕರವಾದದ್ದು ಎಂದು ಅದನ್ನು ಅನುಭವಿಸಿದವರಿಗೇ ಗೊತ್ತು.

ಆಗಸ್ಟಿನಲ್ಲಿ ನಮ್ಮ ಮನೆಯ ಎಸಿ ಕೆಟ್ಟಿತು. ಅಲ್ಲಿನ ಆಗಸ್ಟಿನಲ್ಲಿ ಎಸಿ ಇಲ್ಲದೆ ಇರುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ರಿಪೇರಿಯವರು ನಾಳೆ ನಾಳೆ ಎನ್ನುತ್ತಿದ್ದರು. ಅಮ್ಮ ಒದ್ದೆ ಟವೆಲು ಹೊದ್ದು ನೆಲದ ಮೇಲೆ ಮಲಗಿದ್ದಳು. ಎರಡನೆಯ ದಿನ ಪಕ್ಕದ ಮನೆಯ ಅಮೆರಿಕದ ಹೆಂಗಸು ಬಾಗಿಲು ತಟ್ಟಿ, ಒಳಗೆ ಇಣುಕಿ, ಏನೋ ಕೂಗಿ, ಅಮ್ಮನ ಕೈಹಿಡಿದು ಎಳೆದುಕೊಂಡೇ ಹೋದಳು. ಎತ್ತರದ, ದಪ್ಪ ಗಾಜಿನ ಕನ್ನಡಕದ, ಐವತ್ತೈದರ ಆಸುಪಾಸಿನ ಹೆಂಗಸು. ಹೆಸರು ಡೋನಾ. ಅವಳ ಗಂಡ ಬಾಬ್ ಎಣ್ಣೆ ಬಾವಿಗಳ ಕಡೆ ಕೆಲಸದಲ್ಲಿದ್ದರು, ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಮಕ್ಕಳಿರಲಿಲ್ಲ. ಹಿರಿಯಳನ್ನು ಬರೀ ಹೆಸರು ಹಿಡಿದು ಕರೆಯುವುದು ಹೇಗೆಂದು ಅಮ್ಮ ಮುಂದೆ ಅವಳನ್ನು ಡೋನಮ್ಮ ಮಾಡಿದಳು. ಡೋನಮ್ಮನಿಗೆ ಅದು ಬಹಳ ಹಿಡಿಸಿತು. ಫೋನೆತ್ತಿದರೂ 'ಡೋನಮ್ಮ' ಎನ್ನತೊಡಗಿದಳು.

ಆ ದಿನ ಅವಳ ಟಿವಿಯಲ್ಲಿ ಒಂದು ಇಂಗ್ಲೆಂಡಿನ ನಗೆ ನಾಟಕ ಓಡುತ್ತಿತ್ತು. ರೈಲೇ ಬಾರದ ಒಂದು ಸ್ಟೇಷನ್ನು. ಅದರ ಸ್ಟೇಷನ್ ಮಾಸ್ಟರಿಗೂ ಚಾ ಮಾರುವ ಹೆಂಗಸಿಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ, ಕಾರಣ ಅವನು ಅವಳ ಕೊಡೆ ಕೊಂಡುಹೋಗಿ ವಾಪಸು ಕೊಡಲಿಲ್ಲ. ಇಬ್ಬರೂ ರೈಲಿನ ಸಮಯ ಬರೆಯುವ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಜಗಳಾಡುತ್ತಾರೆ. ಡೋನಮ್ಮ ಸದ್ದಿಲ್ಲದೆ ನಗುವವಳು. ಭುಜ ಮಾತ್ರ ಕುಣಿಯುತ್ತಿತ್ತು, ಸೋಫಾ ಅಲುಗುತ್ತಿತ್ತು. ಅವಳ ತಂಗಿ ಒಹಾಯೊದಿಂದ ಇಂಥ ಕ್ಯಾಸೆಟ್ಟುಗಳನ್ನು ಡಬ್ಬಗಟ್ಟಲೆ ಕಳಿಸುತ್ತಿದ್ದಳು. ನಮ್ಮ ಕಡೆಯ ಪ್ಲೇಯರಿನಲ್ಲಿ ಅಮೆರಿಕದ ಕ್ಯಾಸೆಟ್ಟು ಸರಿಯಾಗಿ ಓಡುವುದಿಲ್ಲವೆಂದು ಬಾಬ್ ಅಂಕಲ್ ಅಲ್ಲಿಂದಲೇ ಒಂದು ಪ್ಲೇಯರು ಹೊತ್ತು ತಂದಿದ್ದರು. ಅವರ ಊರಿನಲ್ಲಿ ಶನಿವಾರ ಸಂಜೆ ಇಂಗ್ಲೆಂಡಿನ ಈ ನಾಟಕಗಳನ್ನು ತೋರಿಸುವ ಒಂದು ಚಾನೆಲ್ ಇತ್ತಂತೆ. ಅಕ್ಕತಂಗಿಯರಿಬ್ಬರೂ ಒಂದೇ ಕಂಬಳಿಯೊಳಗೆ ಕೂತು ನೋಡುತ್ತಿದ್ದರಂತೆ. ಜಾಹೀರಾತಿಲ್ಲ, ಬದಲಿಗೆ ನಡುವೆ ಆ ಚಾನೆಲಿನವರು ಬಂದು ನೋಡುಗರ ಹತ್ತಿರ ಚಂದಾ ಕೇಳುತ್ತಿದ್ದರಂತೆ. ಇದನ್ನು ನಾನು ಕನ್ನಡಕ್ಕೆ ತಿರುಗಿಸಿದಾಗ ಅಮ್ಮ ತಿರುಗಿ ನೋಡಿದಳು. ಮೂರು ತಿಂಗಳಲ್ಲಿ ಮೊದಲ ಸಲ ಒಂದು ಪೂರ್ತಿ ವಾಕ್ಯ ಅವಳ ಬಾಯಿಂದ ಬಂತು: "ದೇವಸ್ಥಾನದವರ ಹಾಗೆ ಟಿವಿಯವರೂ ರಶೀದಿ ಪುಸ್ತಕ ಹಿಡ್ಕೊಂಡು ಬರ್ತಾರಾ?"

ನಾನು ಅದನ್ನು ಹಾಗೇ ಇಂಗ್ಲಿಷಿಗೆ ಹೇಳಿದೆ. ಡೋನಮ್ಮನ ಭುಜ ಕುಣಿಯಿತು. ಅವಳು ನಗುವುದನ್ನು ನೋಡಿ ಅಮ್ಮನ ತುಟಿಯೂ ಒಂದಿಷ್ಟು ಅಲುಗಿತು. ನನಗೆ ಜೀವ ಬಂದಂತಾಯಿತು.

ಎಸಿ ಸರಿಯಾದ ಮೇಲೂ ನಾವು ಹೋಗುತ್ತಲೇ ಇದ್ದೆವು, ದಿನಾ ನಾಲ್ಕು ಗಂಟೆಗೆ. ಅಮ್ಮನಿಗೆ ಧೈರ್ಯ ಕೊಟ್ಟದ್ದು ಒಂದು ವಿಚಿತ್ರ ಸಂಗತಿ. ಆ ನಾಟಕದವರ ಹಳ್ಳಿ ಇಂಗ್ಲಿಷು ಡೋನಮ್ಮನಿಗೂ ಪೂರ್ತಿ ಹಿಡಿಯುತ್ತಿರಲಿಲ್ಲ! ಪರದೆಯ ಕೆಳಗೆ ಅಕ್ಷರ ಮೂಡುವ ಹಾಗೆ ಮಾಡಿಕೊಂಡು, ಕನ್ನಡಕ ಏರಿಸಿ ಓದಿ ಓದಿ ನಗುತ್ತಿದ್ದಳು. ಅವಸರದಲ್ಲಿ ಅಕ್ಷರ ಹಾರಿಹೋದರೆ ನನ್ನನ್ನೇ ಕೇಳುತ್ತಿದ್ದಳು. "ಅಮೆರಿಕದವಳಿಗೇ ಅರ್ಥ ಆಗುದಿಲ್ಲವಾ? ಹಾಗಾದ್ರೆ ನಂಗೆ ಆಗದಿದ್ದದ್ದು ಎಂತ ದೊಡ್ಡ ವಿಷಯ!" ಎಂದು ಅಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತಳು. ಅಂದಿನಿಂದ ಅದು ಅವಳ ಜಾಗ. ಹೀಗೆ ಇಬ್ಬರಿಗೂ ನಾನೇ ದುಭಾಷಿ. ಪರದೆಯಲ್ಲಿ ಯಾರೋ ಏನೋ ಹೇಳುವರು, ಡೋನಮ್ಮ ನಗುವಳು, ಅಮ್ಮ ನನ್ನ ಮುಖ ನೋಡುವಳು, ನಾನು ಹೇಳುವೆ, ಅಮ್ಮ ನಗುವಳು, ಅಮ್ಮ ನಕ್ಕದ್ದಕ್ಕೆ ಡೋನಮ್ಮ ಇನ್ನೊಮ್ಮೆ ನಗುವಳು. ಅಷ್ಟರಲ್ಲಿ ಕತೆ ಎರಡು ಮಾತು ಮುಂದೆ ಹೋಗಿರುತ್ತಿತ್ತು.

ಡೋನಮ್ಮನಿಗೆ ಆ ನಾಟಕಗಳ ಮೇಲೆ ಅಷ್ಟು ಪ್ರೀತಿ ಯಾಕೆ ಎಂದು ಅಮ್ಮ ಒಮ್ಮೆ ನನ್ನಿಂದ ಕೇಳಿಸಿದಳು. ನಮ್ಮ ದೇಶದ ನಾಟಕದಲ್ಲಿ ಎಲ್ಲರೂ ಚಂದ ಇರುತ್ತಾರೆ, ಕೊನೆಗೆ ಗೆಲ್ಲುತ್ತಾರೆ, ಇಲ್ಲಿ ನೋಡು, ಹಲ್ಲು ಸೊಟ್ಟ, ಸ್ವೆಟರು ತೂತು, ಯಾರೂ ಏನೂ ಗೆಲ್ಲುವುದಿಲ್ಲ, ಆದರೂ ಚಾ ಕಾಸಿ ಕುಡಿಯುತ್ತಾರೆ ಎಂದಳು ಡೋನಮ್ಮ. ಆ ವರ್ಷ ಪಕ್ಕದಲ್ಲೇ ಅವಳ ದೇಶದವರು ಯುದ್ಧ ಮಾಡುತ್ತಿದ್ದರು. ಅವರ ಚಾನೆಲ್ ಹಾಕಿದರೆ ಬರೀ ಅದೇ, ಅವಳು ಆರಿಸಿಬಿಡುತ್ತಿದ್ದಳು. ಒಮ್ಮೆ ನಾಲ್ಕು ಮನೆ ಆಚೆಯ ನಿಜವಾದ ಇಂಗ್ಲಿಷ್ ದೊರೆಯೊಬ್ಬರನ್ನು ಸ್ಟೇಷನ್ ಕತೆ ನೋಡಲು ಕರೆದಿದ್ದಳು. ಪುಣ್ಯಾತ್ಮ ಒಂದು ಗಂಟೆ ಮುಖ ಗಂಟುಹಾಕಿ ಕೂತು, ನಮ್ಮಲ್ಲಿ ಹೀಗೆಲ್ಲ ಇಲ್ಲ ಎಂದು ಹೇಳಿ ಎದ್ದುಹೋದರು. ಅವರ ಕಾರು ತಿರುವು ದಾಟುವ ತನಕ ಈ ಇಬ್ಬರು ಹೆಂಗಸರು ಬಾಯಿಗೆ ಸೆರಗು, ಟವೆಲು ಒತ್ತಿಕೊಂಡಿದ್ದರು.

ಈಗ ನನ್ನ ಕಳ್ಳತನ ಹೇಳಬೇಕು. ನಗೆ ಮಾತನ್ನು ಇನ್ನೊಂದು ಭಾಷೆಗೆ ತರುವುದು ಒಂಬತ್ತು ವರ್ಷದವಳ ಕೈಲಿ ಆಗುವ ಕೆಲಸವಲ್ಲ. ಅರ್ಧ ನನಗೇ ಅರ್ಥವಾಗುತ್ತಿರಲಿಲ್ಲ. ಅಮ್ಮ ಬಾಯಿ ನೋಡುತ್ತಾ ಕೂತಿರುವಾಗ ಗೊತ್ತಿಲ್ಲ ಎನ್ನಲು ಮನಸ್ಸಾಗದೆ ನಾನೇ ಏನಾದರೂ ಕಟ್ಟಿ ಹೇಳುತ್ತಿದ್ದೆ. ಸ್ಟೇಷನ್ ಮಾಸ್ಟರು ನಮ್ಮ ಅಜ್ಜಿಮನೆಯ ಪಕ್ಕದ ಮಾಷ್ಟ್ರ ಹಾಗೆ ಸುಳ್ಳು ಹೇಳತೊಡಗಿದ, ಚಾದವಳು ಪುತ್ತೂರಿನ ಹೆಂಗಸರ ಹಾಗೆ ಮಾತಿಗೆ ಮಾತು ಕೊಡತೊಡಗಿದಳು. ಅಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಬರಬರುತ್ತಾ ನಾನು ಬೇಸರದ್ದನ್ನೂ ಬದಲಿಸಲು ಕಲಿತೆ. ಒಂದು ಕಂತಿನಲ್ಲಿ ಚಾದವಳ ಸೊಸೆಗೆ ಮಗು ಉಳಿಯಲಿಲ್ಲ. ಅವಳು ತವರಿಗೆ ಹೋಗಿದ್ದಾಳೆ ಎಂದುಬಿಟ್ಟೆ. ಯಾರೂ ನನಗೆ ಹೀಗೆ ಮಾಡು ಎಂದಿರಲಿಲ್ಲ. ಅಮ್ಮ ಮತ್ತೆ ಆ ಮೌನದೊಳಗೆ ಹೋಗಿಬಿಟ್ಟರೆ ಅವಳನ್ನು ಹೊರಗೆ ತರಲು ಯಾರಿಂದಲೂ ಆಗದು ಎಂಬ ಹೆದರಿಕೆ ನನಗೆ. ಅವಳ ನಗುವನ್ನು ಕಾಯುವ ಕೆಲಸ ನನ್ನದೇ ಎಂದು ನನ್ನಷ್ಟಕ್ಕೆ ವಹಿಸಿಕೊಂಡಿದ್ದೆ. ಎಷ್ಟು ಸೊಕ್ಕು ನೋಡಿ.

ಒಂದೂವರೆ ವರ್ಷ ಹೀಗೆ ನಡೆಯಿತು. ಅಮ್ಮ ಮತ್ತೆ ಬೈಯತೊಡಗಿದಳು, ತುಳುವಿನಲ್ಲೂ ಬೈದಳು. ಡೋನಮ್ಮ ಸಣ್ಣಗಾಗುತ್ತಾ ಬಂದಳು. ಅಮೆರಿಕದವರು ಸದಾ ಡಯಟ್ಟಿನಲ್ಲೇ ಇರುತ್ತಾರೆಂದು ಅಮ್ಮ ನಂಬಿದ್ದಳು, 'ಇವಳಿಗೆ ಎಂತಕ್ಕೆ ಈ ಪ್ರಾಯದಲ್ಲಿ ಡಯಟ್ಟು' ಎಂದು ಉದ್ದಿನ ದೋಸೆ ಕೊಂಡುಹೋಗಿ ತಿನ್ನಿಸುತ್ತಿದ್ದಳು. ನಾವು ಸ್ಟೇಷನ್ ಕತೆ ಮುಗಿಸಿ ಇನ್ನೊಂದು ಹಿಡಿದಿದ್ದೆವು. ಅದು ನಗುವಿನದಲ್ಲ: ಕಡಲ ದಂಡೆಯ ಒಂದು ಹಳ್ಳಿ, ಅಲ್ಲಿ ಅಂಚೆ ಕಚೇರಿ ನಡೆಸುವ ವಿಧವೆ, ಅವಳ ಗೆಳತಿ ಒಬ್ಬಳು ನರ್ಸು. ಮಾರ್ಚಿನ ಒಂದು ಸೋಮವಾರ ಆ ನರ್ಸು ಪೆಟ್ಟಿಗೆ ಹಿಡಿದು ದೋಣಿಗಾಗಿ ಕಟ್ಟೆಯ ಮೇಲೆ ನಿಂತಿರುವಾಗ ಡೋನಮ್ಮ ರಿಮೋಟು ಒತ್ತಿ ಚಿತ್ರವನ್ನು ನಿಲ್ಲಿಸಿದಳು. ಕನ್ನಡಕ ತೆಗೆದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ನನ್ನ ಕಡೆ ತಿರುಗಿ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ನಿನ್ನ ಅಮ್ಮನಿಗೆ ಹೇಳು ಎಂದಳು. ನನಗೆ ಲಿವರಿನ ಕ್ಯಾನ್ಸರ್, ಬುಧವಾರ ಊರಿಗೆ ಹೊರಡುತ್ತಿದ್ದೇನೆ, ಬಹುಶಃ ತಿರುಗಿ ಬರುವುದಿಲ್ಲ. ಇನ್ನೂ ಒಂದು ಮಾತು ಹೇಳಿದಳು, ಅದನ್ನು ಆಮೇಲೆ ಹೇಳುತ್ತೇನೆ.

ಅಮ್ಮ ಗಾಬರಿಯಾಗಿ ನನ್ನ ತೋಳು ಹಿಡಿದಿದ್ದಳು. "ಎಂತ ಆಯ್ತು? ಯಾಕೆ ಅಳ್ತಾಳೆ? ಹೇಳು ಪುಟ್ಟಿ." ಆ ತೋಳಿನ ಮೇಲಿನ ಬೆರಳುಗಳ ಒತ್ತು ನನಗೆ ಇನ್ನೂ ನೆನಪಿದೆ. ನನ್ನ ಬಾಯಲ್ಲಿ ಸತ್ಯ ಇತ್ತು, ದೇವರಾಣೆ ಇತ್ತು. ಅಮ್ಮನ ಮುಖ ನೋಡಿದೆ, ಮೇ ತಿಂಗಳ ಮುಖ ಅದರ ಹಿಂದೆಯೇ ಕಾದು ಕೂತಿತ್ತು. ನನ್ನ ನಾಲಿಗೆ ತನಗೆ ಅಭ್ಯಾಸವಾದ ದಾರಿ ಹಿಡಿಯಿತು. "ಎಂತ ಇಲ್ಲ ಅಮ್ಮ. ಆ ನರ್ಸು ಊರು ಬಿಟ್ಟು ಹೋಗ್ತಾಳಂತೆ. ಇನ್ನು ಕತೆಯಲ್ಲಿ ಬರುದಿಲ್ಲವಂತೆ. ಅದಕ್ಕೆ ಆಂಟಿಗೆ ಬೇಜಾರು" ಎಂದೆ.

ಅಮ್ಮ ಪರದೆಯ ಮೇಲೆ ನಿಂತ ನರ್ಸನ್ನು ನೋಡಿದಳು, ಅಳುತ್ತಿರುವ ಡೋನಮ್ಮನನ್ನು ನೋಡಿದಳು, ಗಟ್ಟಿಯಾಗಿ ನಕ್ಕುಬಿಟ್ಟಳು. "ಅಯ್ಯೋ ಹುಚ್ಚೀ, ಮರ್ಲೇ! ಕತೆಗೆಲ್ಲ ಯಾರಾದ್ರೂ ಹೀಗೆ ಅಳ್ತಾರಾ? ಅವಳಿಗೆ ಹೇಳು, ಹೋದವಳು ಬಂದೇ ಬರ್ತಾಳೆ, ಬರದೆ ಎಲ್ಲಿಗೆ ಹೋಗ್ತಾಳೆ?" ಎಂದು ಡೋನಮ್ಮನ ಬೆನ್ನು ತಟ್ಟಿದಳು. ಡೋನಮ್ಮ ಆ ನಗುವನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದಳು. ಏನಂದಳು ಎಂದು ನನ್ನನ್ನು ಕೇಳಿದಳು. 'ನೀವು ಬಂದೇ ಬರ್ತೀರಂತೆ' ಎಂದೆ. ಅವಳು ಅಮ್ಮನ ಎರಡೂ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಭುಜವೂ ಕುಣಿಯಿತು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಅಮ್ಮ ಅವಳದೇ ಅಡುಗೆಮನೆಗೆ ಹೋಗಿ, ಹೆಚ್ಚು ಸಕ್ಕರೆ ಹಾಕಿ ಚಾ ಮಾಡಿ ತಂದಳು. ಮಧ್ಯೆ ಕೂತಿದ್ದ ನಾನು ಎದ್ದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ.

ನಾಳೆ ಹೇಳುತ್ತೇನೆ ಎಂದುಕೊಂಡೆ. ಮಂಗಳವಾರ ಡೋನಮ್ಮನ ಮನೆ ತುಂಬಾ ಪೆಟ್ಟಿಗೆ ಕಟ್ಟುವವರು, ಅಮ್ಮ ಅಪ್ಪನೊಟ್ಟಿಗೆ ಮನಾಮಾಕ್ಕೆ ಸಾಮಾನು ತರಲು ಹೋಗಿ ಬರುವಾಗ ಕತ್ತಲೆ. ಬುಧವಾರ ಬೆಳಗ್ಗೆ ನಾನು ಶಾಲೆಯ ಬಸ್ಸಿಗೆ ನಿಂತಿರುವಾಗ ಕಂಪನಿಯ ಕಾರು ಬಂತು. ಬಾಬ್ ಅಂಕಲ್ ಡೋನಮ್ಮನ ತೋಳು ಹಿಡಿದು ಕರೆತಂದರು. ಅವಳು ನನ್ನನ್ನು ಅಪ್ಪಿಕೊಂಡಳು. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಕರೀತೇನೆ ಎಂದೆ. ನಿಜವಾಗಿಯೂ ಓಡಲು ತಿರುಗಿದ್ದೆ. ಅವಳು ತಡೆದಳು. ಬೇಡ ಮಗೂ, ಮೊನ್ನೆಯೇ ಎಲ್ಲ ಮಾತಾಡಿ ಆಯ್ತಲ್ಲ, ಇನ್ನೊಮ್ಮೆ ಆಡಲು ನನ್ನಿಂದ ಆಗದು ಎಂದಳು. ಅವಳ ಲೆಕ್ಕದಲ್ಲಿ ಅಮ್ಮನೊಟ್ಟಿಗೆ ಬೀಳ್ಕೊಡುಗೆ ಮುಗಿದಿತ್ತು. ಕಾರು ಹೋಯಿತು, ಬಸ್ಸು ಬಂತು, ನಾನು ಹತ್ತಿದೆ. ಆಗಲೂ ಇಳಿದು ಓಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ದಿನಾ ಕೇಳಿಕೊಳ್ಳುತ್ತೇನೆ.

ನಾಲ್ಕು ಗಂಟೆಗೆ ಅಮ್ಮ ಜಡೆ ಸರಿಮಾಡಿಕೊಂಡು ಹೋಗಿ ಬೆಲ್ಲು ಒತ್ತಿ ವಾಪಸು ಬಂದಳು. ಅಂದು ಸಂಜೆ ಅಪ್ಪ ಆಫೀಸಿನಿಂದ ಸುದ್ದಿ ತಂದರು: ಬಾಬ್ ಹೆಂಡತಿಗೆ ಜೋರು ಕಾಯಿಲೆಯಂತೆ, ಊರಿಗೆ ಹೋದರಂತೆ. ಜೂನಿನಲ್ಲಿ ಇನ್ನೊಂದು ಸುದ್ದಿ ತಂದರು. ಅಮ್ಮ ಎರಡು ಸಲವೂ ಒಂದೇ ಮಾತು ಕೇಳಿದಳು: "ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲ ಅಲ್ವಾ?" ಅವಳು ಮೌನಕ್ಕೆ ಹೋಗಲಿಲ್ಲ, ನಾನು ಹೆದರಿದ ಹಾಗೆ ಏನೂ ಆಗಲಿಲ್ಲ. ಅದು ಇನ್ನೂ ಕಷ್ಟ. ಅವಳು ಗಟ್ಟಿಯಾದಳು. ಸೀಫಿನ ಮಾಲಿನಲ್ಲಿ ಊರಿನವರು ಸಿಕ್ಕಿ ಅಕ್ಕಪಕ್ಕ ಯಾರಿದ್ದಾರೆ ಎಂದು ಕೇಳಿದರೆ, "ಒಬ್ಬಳು ಅಮೆರಿಕದವಳು ಇದ್ಲು. ಒಂದೂವರೆ ವರ್ಷ ದಿನಾ ಒಟ್ಟಿಗೆ ಕೂತದ್ದು. ಸಾಯ್ಲಿಕ್ಕೆ ಹೋಗುವಾಗ್ಲೂ ಹೋಗ್ತೇನೆ ಅಂತ ಹೇಳ್ಲಿಲ್ಲ. ನಾವು ಅವರಿಗೆ ಯಾರು?" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು ಐಸ್‌ಕ್ರೀಮು ತಿನ್ನುತ್ತಿದ್ದೆ. ಎಷ್ಟು ಸಲ ಅವಳು ಹಾಗೆಂದಳೋ ಅಷ್ಟು ಸಲ ಸತ್ಯ ಇನ್ನೊಂದು ಮೊಳ ಆಳಕ್ಕೆ ಇಳಿಯಿತು. ಆಮೇಲೆ ಅವಾಲಿಯಲ್ಲಿ ಅವಳು ಯಾರ ಮನೆಯ ಸೋಫಾದ ಮೇಲೂ ಕಾಲು ಮಡಚಿ ಕೂರಲಿಲ್ಲ.

ಎರಡು ಸಾವಿರದ ಹದಿಮೂರರಲ್ಲಿ ಅಪ್ಪ ನಿವೃತ್ತರಾದರು. ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಮನೆ ಮುಗಿಯಿತು, ಅಲ್ಲಿನ ಬದುಕು ಅಷ್ಟೇ. ನಾನು ಮಂಗಳೂರಿನ ಕಾಲೇಜಿನಿಂದ ಸಾಮಾನು ಕಟ್ಟಲು ಹೋದೆ. ಅಡುಗೆಮನೆಯಲ್ಲಿ ಅಮ್ಮ ಸ್ಟೀಲು ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದಳು. ಎದುರು ಮನೆಯಲ್ಲಿ ಫಿಲಿಪೀನ್ಸಿನ ಹುಡುಗಿಯೊಬ್ಬಳಿದ್ದಳು, ಅಮ್ಮನನ್ನು ಅಕ್ಕನ ಹಾಗೆ ಹಚ್ಚಿಕೊಂಡವಳು. ನಾವು ಹೋಗುವುದನ್ನು ಅವಳಿಗೆ ಹೇಳಿದ್ಯಾ ಎಂದು ಕೇಳಿದೆ. "ಎಂತಕ್ಕೆ ಹೇಳುದು? ಹೋಗುವವರು ಹೋಗುದು. ನಂಗೆ ಯಾರಾದ್ರೂ ಹೇಳಿದ್ರಾ?" ಎಂದಳು. ಮಾತು ತಣ್ಣಗಿತ್ತು. ನನ್ನ ಅಮ್ಮ ಅಂಥವಳಾಗಿರಲಿಲ್ಲ. ಅಂಥವಳನ್ನಾಗಿ ಮಾಡಿದ್ದು ನಾನು. ನೆಲದ ಮೇಲೆ ಕೂತುಕೊಂಡೇ ಎಲ್ಲ ಹೇಳಿಬಿಟ್ಟೆ, ನಿಲ್ಲಿಸಿದ ಚಿತ್ರ, ನರ್ಸು, ಕಾರು, ಬಸ್ಸು, ಎಲ್ಲ.

ಅಮ್ಮ ಬೈಯಲಿಲ್ಲ. ಕೈಯಲ್ಲಿದ್ದ ಪಾತ್ರೆಗೆ ಪೂರ್ತಿ ಪೇಪರು ಸುತ್ತಿ ಕೆಳಗಿಟ್ಟಳು. "ಅವಳು ಎಂತ ಹೇಳಿದ್ದು? ಒಂದೂ ಬಿಡ್ಬೇಡ. ಅವಳು ಹೇಳಿದ ಹಾಗೇ ಹೇಳು" ಎಂದಳು. ಹೇಳಿದೆ. ನಿಮಗೆ ಆಗ ಹೇಳದೆ ಬಿಟ್ಟ ಡೋನಮ್ಮನ ಆ ಕೊನೆಯ ಮಾತನ್ನೂ ಹೇಳಿದೆ: ನಿನ್ನ ಮಗು ಹೋದ ಮೇಲೆ ನಾನು ದಿನಾ ಬೆಳಗ್ಗೆ ಎದ್ದು ನಿಮ್ಮ ಅಡುಗೆಮನೆಯ ಕಿಟಕಿ ನೋಡುತ್ತಿದ್ದೆ, ದೀಪ ಹತ್ತಿದರೆ ಇವತ್ತೊಂದು ದಿನ ಅವಳು ಎದ್ದಳು ಎಂದು ನನ್ನ ಚಾ ಕುಡಿಯುತ್ತಿದ್ದೆ, ಬಾಗಿಲು ತಟ್ಟಲು ಮೂರು ತಿಂಗಳು ಧೈರ್ಯ ಬರಲಿಲ್ಲ, ಅದಕ್ಕೆ ನನ್ನನ್ನು ಕ್ಷಮಿಸು. ಇಷ್ಟು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಆ ಸೋಫಾದ ಮೇಲೆ ಕೂತು ಹೇಳುತ್ತಿದ್ದ ಹಾಗೆಯೇ, "ಅವಳಿಗೆ ಹೇಳು, ನಾನು ನಕ್ಕದ್ದು ಅವಳು ಹೋಗುದಕ್ಕಲ್ಲ ಅಂತ. ನಂಗೆ ಗೊತ್ತೇ ಇರ್ಲಿಲ್ಲ ಅಂತ ಹೇಳು" ಎಂದಳು. ಹೇಳಿ, ನನ್ನ ಬಾಯಿ ನೋಡುತ್ತಾ ಕಾದಳು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದಕ್ಷರವೂ ಬದಲಿಸಲಿಲ್ಲ. ಪಕ್ಕದ ಮನೆಯಲ್ಲಿ ಆಗ ಬೇರೆ ಯಾರೋ ಇದ್ದರು, ಅವರ ಎಸಿ ಓಡುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು.

"ಹೇಳಿದ್ಯಾ?" ಎಂದಳು ಅಮ್ಮ.

"ಹೇಳಿದೆ ಅಮ್ಮ."

ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು, ಡೋನಮ್ಮ ಏನಂದಳು ಎಂದು ನಾನು ಹೇಳುತ್ತೇನೇನೋ ಎಂಬಂತೆ.